ಹನ್ನೊಂದು ಕಡತಗಳ ತಾಯಿ

ದಯಾವತಿ ರಣವಕ ಅವರನ್ನು ಪದ್ಮಶ್ರೀ ಮೊದಲ ಸಲ ಕಂಡದ್ದು ೨೦೨೧ರ ನವೆಂಬರಿನ ಒಂದು ಶನಿವಾರ, ಡಚ್ಚರ ನಾಡಿನ ಎನ್ಸ್‌ಕೆಡೆ ಊರಿನ ಸಂತೆಯಲ್ಲಿ. ಬೆಳಗಿನ ಹನ್ನೊಂದರ ಹೊತ್ತು, ಸಣ್ಣಗೆ ಜಿನುಗುತ್ತಿತ್ತು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಬಂದು ಅವಳಿಗೆ ಮೂರೇ ವಾರವಾಗಿತ್ತು. ಒಂದು ಕೈಯಲ್ಲಿ ಕೊತ್ತಂಬರಿ ಕಟ್ಟು, ಇನ್ನೊಂದರಲ್ಲಿ ಫೋನು. ಮಳೆಯಿಂದ ತಪ್ಪಿಸಿಕೊಳ್ಳಲು ಮೀನಿನ ಗಾಡಿಯ ತಗಡಿನ ಮಾಡಿನ ಕೆಳಗೆ ಹೋಗಿ ನಿಂತಿದ್ದಳು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳಲು ಮೂರನೆಯ ಕೈ ಇರಲಿಲ್ಲ. ಫೋನಿನ ಆ ಕಡೆ, ರೋಣ ತಾಲೂಕಿನ ಹಳ್ಳಿಯಲ್ಲಿ, ಅವಳ ತಾಯಿ ಬಸಲಿಂಗವ್ವ.

"ಯವ್ವಾ, ಕೇಳಾಕತ್ತೈತೇನು? ಉಣ್ಣಾಕ ಏನೂ ತ್ರಾಸಿಲ್ಲ. ನೀ ಕೊಟ್ಟ ಶೇಂಗಾ ಚಟ್ನಿ ಇನ್ನೂ ಐತಿ. ಥಂಡಿ ಅಂದ್ರ ಥಂಡಿ ಮತ್ತ, ಸುಳ್ಳ್ಯಾಕ ಹೇಳ್ಲಿ!"

ಸಂತೆಯಲ್ಲಿ ಹಾಗೆ ಕೂಗಿ ಮಾತಾಡುವವರು ಇನ್ಯಾರೂ ಇರಲಿಲ್ಲ. ಸಾಲಿನಲ್ಲಿ ಮುಂದೆ ನಿಂತಿದ್ದ ಗಿಡ್ಡ ಮುದುಕಿಯೊಬ್ಬರು ತಿರುಗಿ ನೋಡಿದರು. ಬೂದು ಉಣ್ಣೆಯ ಕೋಟು, ತಲೆಗೆ ಪ್ಲಾಸ್ಟಿಕ್ಕಿನ ಮಳೆಟೊಪ್ಪಿಗೆ, ಕೋಟಿನ ಕೆಳಗೆ ಗೇಣುದ್ದ ಹಸಿರು ಸೀರೆ, ಅದರ ಕೆಳಗೆ ಗಂಡಸರ ಬೂಟು. ಪೆನ್ಸಿಲಿನಿಂದ ತೀಡಿದ ಹುಬ್ಬುಗಳಲ್ಲಿ ಒಂದು ಮಳೆಗೆ ಕರಗಿ ಕಣ್ಣಿನ ಮೂಲೆಗೆ ಇಳಿದಿತ್ತು. ಅವರು ಸ್ವಲ್ಪ ಹೊತ್ತು ಪದ್ಮಶ್ರೀಯ ಬಾಯಿಯನ್ನೇ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಸ್ಪಷ್ಟ ಕನ್ನಡದಲ್ಲಿ ಹೇಳಿದರು:

"ಮೇಕಪ್ ಆಯ್ತೇನಮ್ಮಾ? ಬೇಗ ಬನ್ನಿ. ಬಿಸಿಲು ಹೋಗ್ತಾ ಇದೆ."

ಪದ್ಮಶ್ರೀ ಹಿಂದೆ ಮುಂದೆ ನೋಡಿದಳು. ಅವಳ ಮುಖಕ್ಕೆ ಮೇಕಪ್ ಇರಲಿಲ್ಲ. ಬಿಸಿಲಂತೂ ಆ ಊರಿನಲ್ಲಿ ಎರಡು ವಾರದಿಂದ ಇರಲಿಲ್ಲ.

"ಯಾರಬೇ ಅಕಿ?" ಎಂದಳು ಫೋನಿನಿಂದ ಬಸಲಿಂಗವ್ವ.

"ಗೊತ್ತಿಲ್ಲಬೇ. ಬಿಸಿಲ ಹೊಂಟೈತಂತ."

"ಅಳಬೇಡಿ, ಇನ್ನೊಂದು ಟೇಕ್ ಮಾಡೋಣ," ಎಂದರು ಮುದುಕಿ, ಇನ್ನಷ್ಟು ಹುರುಪಿನಿಂದ. "ಊಟ ಬಂತು. ಇವತ್ತೂ ಸಾರು ನೀರು." ಅಲ್ಲಿಗೆ ಅವರ ನೆನಪಿನ ಮೇಲ್ಪದರದ ಕನ್ನಡ ಮುಗಿಯಿತು. ನಕ್ಕರು. ಎರಡು ಬಂಗಡೆ ಕಟ್ಟಿಸಿಕೊಂಡು, ಇಂಗ್ಲಿಷಿನಲ್ಲಿ ತಮ್ಮ ಗುರುತು ಹೇಳಿದರು. ತಾವು ಲಂಕೆಯವರು, ಸಿಂಹಳ ನಟಿ, ವಯಸ್ಸು ಎಪ್ಪತ್ತೇಳು. ಒಂದು ಕಾಲಕ್ಕೆ ಸಿಂಹಳ ಸಿನೆಮಾಗಳನ್ನು ಮದ್ರಾಸಿನ ಸ್ಟುಡಿಯೋಗಳಲ್ಲಿ ತೆಗೆಯುತ್ತಿದ್ದರು. ಪಕ್ಕದ ಫ್ಲೋರಿನಲ್ಲಿ ಕನ್ನಡದವರು. ಅವರ ಕೇಶಾಲಂಕಾರದ ಗಿರಿಜಮ್ಮ ಎಂಬುವರು ಮೂರು ವರ್ಷ ಇವರಿಗೂ ತಲೆ ಬಾಚಿ, ಮೊಸರನ್ನ ಹಾಕಿ, ಕನ್ನಡ ಕಲಿಸಿದ್ದರು. ಹೆಚ್ಚುಕಡಿಮೆ ಅರವತ್ತು ವರ್ಷದಿಂದ ಆ ಮಾತು ಆಡಲು ಯಾರೂ ಸಿಕ್ಕಿರಲಿಲ್ಲ.

"ಅಜ್ಜಿ, ನಿಮ್ಮ ಮನಿ ಎಲ್ಲಿ?" ಎಂದು ಪದ್ಮಶ್ರೀ ಕೇಳಿದಳು.

ಮುದುಕಿ ಮುಖ ಬಿಗಿದುಕೊಂಡು, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಹೇಳಿದರು: "ಅಜ್ಜಿ ಅನ್ಬೇಡ. ಅಜ್ಜಿ ಅಂದ್ರೆ ಪಾರ್ಟ್ ಕೊಡಲ್ಲ. ಅಕ್ಕ ಅನ್ನು. ಸಿಂಹಳದಲ್ಲೂ ಅಕ್ಕ ಅಂದ್ರೆ ಅಕ್ಕಾನೇ."

ಹಾಗೆ ತನ್ನ ಅಜ್ಜಿಯ ಓರಗೆಯವರನ್ನು ಪದ್ಮಶ್ರೀ ಅಕ್ಕ ಎಂದು ಕರೆಯತೊಡಗಿದಳು. ಮನೆಯೂ ದೂರವಿರಲಿಲ್ಲ, ಎರಡು ಬೀದಿ ಆಚೆ. ವಾರವಾರ ಹೋಗಿ ಕೂತು ಕೇಳಿದ ಹಾಗೆ ದಯಾವತಿಯವರ ಕನ್ನಡ ತುಕ್ಕು ಬಿಡಿಸಿಕೊಂಡು ಮೇಲೆ ಬಂತು. ಅದರ ಜೊತೆ ಅವರ ಬದುಕೂ ಬಂತು.

ಲಂಕೆಯ ದಕ್ಷಿಣ ತೀರದ ಮಾತರ ಊರಿನ ಪಕ್ಕದ ಹಳ್ಳಿ. ತಾಯಿ ತೆಂಗಿನ ಸಿಪ್ಪೆ ಕೊಳೆಹಾಕಿ ನಾರು ಬಡಿಯುವವಳು. ಹದಿನಾಲ್ಕನೆಯ ವಯಸ್ಸಿಗೆ ದಯಾವತಿ ಊರೂರು ತಿರುಗುವ ನಾಟಕದ ಕಂಪನಿ ಸೇರಿದ್ದು ನಟಿಸಲಿಕ್ಕಲ್ಲ, ಹೆಣ್ಣು ವೇಷದ ಗಂಡಸರಿಗೆ ಸೀರೆ ಉಡಿಸಲಿಕ್ಕೆ. ರಾಣಿಯ ಪಾತ್ರದವನಿಗೆ ಹೊಟ್ಟೆ ಬಂದು, ಅವನು ಪ್ರವೇಶ ಮಾಡಿದೊಡನೆ ಜನ ಬಸುರಿ ರಾಣಿ ಬಂದಳೆಂದು ಕೂಗತೊಡಗಿದರು. ಯಜಮಾನ ಬೇಸತ್ತು, "ಉಡಿಸೋವಳೇ ಉಟ್ಟುಕೊಂಡರೆ ಒಂದು ಕೆಲಸ ಉಳೀತದೆ," ಎಂದ. ಇವರು ಉಟ್ಟುಕೊಂಡರು. ಹೆಣ್ಣು ರಂಗಕ್ಕೆ ಹತ್ತಿದಳೆಂದು ತಂದೆ ಮೂರು ವರ್ಷ ಮನೆಗೆ ಸೇರಿಸಲಿಲ್ಲ. ಅದೇ ತಂದೆ, ಗಂಡಸರು ಸೀರೆ ಉಟ್ಟು ಕುಣಿದಾಗ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದವನು.

ಆಮೇಲೆ ಮದ್ರಾಸು, ಆಮೇಲೆ ಕೊಲಂಬೊ. ರಂಗದ ಮೇಲೆ ರಾಣಿ, ಯಕ್ಷಿಣಿ, ಜಗಳಗಂಟಿ ಎಲ್ಲ ಆದರು. ಸಿನೆಮಾದಲ್ಲಿ ಮಾತ್ರ ಇಪ್ಪತ್ತೇಳನೆಯ ವಯಸ್ಸಿಗೇ ತಾಯಿ. "ನಾಯಕಿಗೆ ನಿನ್ನ ಬಣ್ಣ ಸಾಲದು, ಬಡ ತಾಯಿಗೆ ಸರಿಯಾಗಿದೆ," ಎಂದು ನಿರ್ದೇಶಕ ಎದುರಿಗೇ ಹೇಳಿದ. ಆ ಚಿತ್ರದ ನಾಯಕ ಇವರಿಗಿಂತ ನಾಲ್ಕು ವರ್ಷ ದೊಡ್ಡವ. ಅವನನ್ನು ಮಗನೇ ಎಂದು ಕರೆದು ಅತ್ತರು. ಚಿತ್ರ ಓಡಿತು. ಒಟ್ಟು ನಲವತ್ತೊಂದು ಚಿತ್ರಗಳಲ್ಲಿ ಮೂವತ್ತೇಳರಲ್ಲಿ ಅವರು ತಾಯಿ. ಮದುವೆಯಾಗಿದ್ದರೂ ಸ್ವಂತ ಮಕ್ಕಳಿರಲಿಲ್ಲ. ಪತ್ರಿಕೆಯವರು ಸಂದರ್ಶನಕ್ಕೆ ಬಂದರೆ ಮೊದಲು ಕೇಳುತ್ತಿದ್ದುದು ಅದನ್ನೇ. ಮಗನ ಪಾತ್ರದವನಿಗೂ ಮಕ್ಕಳಿರಲಿಲ್ಲ, ಅವನನ್ನು ಯಾರೂ ಕೇಳಲಿಲ್ಲ.

೧೯೮೯ರಲ್ಲಿ, ಲಂಕೆಯ ದಂಗೆಯಲ್ಲಿ ರಕ್ತ ಹರಿಯುತ್ತಿದ್ದಾಗ, ನಾಟಕ ನಿಲ್ಲಿಸದಿದ್ದರೆ ರಂಗದ ಮೇಲೇ ಮುಗಿಸುತ್ತೇವೆಂಬ ಚೀಟಿ ಕಂಪನಿಗೆ ಬಂತು. ಗಂಡ ತೀರಿಹೋಗಿ ವರ್ಷವಾಗಿತ್ತು. ದಯಾವತಿ ಎನ್ಸ್‌ಕೆಡೆಯಲ್ಲಿ ನರ್ಸ್ ಆಗಿದ್ದ ತಂಗಿಯ ಹತ್ತಿರ ಬಂದರು. ಹದಿನೇಳು ವರ್ಷ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಹೊದಿಕೆ ಮಡಿಸಿದರು. ಯಂತ್ರದ ಸದ್ದಿನಲ್ಲಿ ಹಳೆಯ ಸಂಭಾಷಣೆಗಳನ್ನು ಗಟ್ಟಿಯಾಗಿ ಹೇಳಿಕೊಂಡರೂ ಯಾರಿಗೂ ಕೇಳಿಸುತ್ತಿರಲಿಲ್ಲವಂತೆ. ಉಳಿದ ರಂಗ ಒಂದೇ: ಪ್ರತಿ ಏಪ್ರಿಲ್‌ನಲ್ಲಿ ಸಿಂಹಳ ಹೊಸವರ್ಷಕ್ಕೆ ಆ ಭಾಗದ ಲಂಕೆಯವರೆಲ್ಲ ಸೇರಿ ಬಾಡಿಗೆ ಸಭಾಂಗಣದಲ್ಲಿ ಆಡುವ ನಾಟಕ. ಮೂವತ್ತು ವರ್ಷದಿಂದ ಅದನ್ನು ಆಡಿಸುವವರೂ ಅವರೇ, ಮುಖ್ಯ ಪಾತ್ರವೂ ಅವರದೇ. ವರ್ಷವೆಲ್ಲ ಆ ಒಂದು ದಿನಕ್ಕಾಗಿ ಹುಬ್ಬು ತೀಡಿಕೊಂಡು ಬದುಕುತ್ತಿದ್ದರು ಎಂದರೆ ಹೆಚ್ಚಲ್ಲ.

ಅದೇ ರಂಗವನ್ನು ಅವರಿಂದ ಕಿತ್ತುಕೊಂಡದ್ದು ಒಂದು ಟಿವಿ ಕಾರ್ಯಕ್ರಮ.

೨೦೨೩ರ ಫೆಬ್ರವರಿ. ಸಂಜೆ ಪದ್ಮಶ್ರೀ ಅಕ್ಕಿ ತೊಳೆಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ದಯಾವತಿ ಬೂಟಿನ ಲಾಡಿ ಕೂಡ ಕಟ್ಟಿಕೊಳ್ಳದೆ ಬಂದಿದ್ದರು. ಫೋನನ್ನು ಮುಂದೆ ಹಿಡಿದು, "ಇದು ನಾನು," ಎಂದರು. "ಪದ್ಮಾ, ಇದು ನಾನೇ. ಏನು ಬರೆದಿದ್ದಾರೆ ನೋಡು."

ಎಂಬತ್ತರ ದಶಕದಲ್ಲಿ ಲಂಕೆಯಿಂದ ಸಾವಿರಾರು ಕೂಸುಗಳು ದತ್ತಕ್ಕೆಂದು ಈ ದೇಶಕ್ಕೆ ಬಂದಿದ್ದವು. ಹಲವು ಕಡೆ ದಲ್ಲಾಳಿಗಳು ಹೆತ್ತವಳ ಬದಲು ಬೇರೊಬ್ಬ ಬಡ ಹೆಂಗಸನ್ನು ತಾಯಿಯೆಂದು ನಿಲ್ಲಿಸಿ ಕೂಸನ್ನು ಕೊಡಿಸಿದ್ದರು. ಅಂಥ ಹೆಂಗಸರಿಗೆ ಇಲ್ಲಿಯವರು ಇಂಗ್ಲಿಷಿನಲ್ಲಿ ಇಟ್ಟ ಹೆಸರು ಆಕ್ಟಿಂಗ್ ಮದರ್, ನಟಿಸುವ ತಾಯಿ. ಕಾರ್ಯಕ್ರಮದವರಿಗೆ ಹನ್ನೊಂದು ಮಕ್ಕಳ ಕಡತಗಳಲ್ಲಿ ಒಬ್ಬಳೇ ತಾಯಿಯ ಫೋಟೋ ಸಿಕ್ಕಿತ್ತು. ಹರಕು ಬಟ್ಟೆಯ ಎಳೆಯ ಹೆಂಗಸು, ಎದೆಗೆ ಅವಚಿದ ಕೂಸು, ಕೆನ್ನೆಯ ಮೇಲೆ ನೀರು. ಅದನ್ನು ಪರದೆ ತುಂಬ ಹಾಕಿ, "ಹನ್ನೊಂದು ಕೂಸುಗಳನ್ನು ಮಾರಲು ನೆರವಾದ ನಟಿಸುವ ತಾಯಿ," ಎಂದು ಹೇಳಿದ್ದರು.

ಅದು ೧೯೭೧ರಲ್ಲಿ ದಯಾವತಿ ಮೊದಲ ಸಲ ತಾಯಿಯಾದ ಆ ಚಿತ್ರದ ಫೋಟೋ. ಆಗ ಚಿತ್ರಮಂದಿರಗಳ ಹೊರಗೆ ಅಂಚೆಕಾರ್ಡಿನಂತೆ ಮಾರುತ್ತಿದ್ದರು. ದಲ್ಲಾಳಿ ಯಾರೋ ಒಂದು ಕಟ್ಟು ಕೊಂಡುಕೊಂಡು, ಕಡತಕ್ಕೊಂದರಂತೆ ಅಂಟಿಸಿದ್ದ. ದಯಾವತಿಗೆ ಅದರ ಸುದ್ದಿಯೇ ಇರಲಿಲ್ಲ. ಐವತ್ತು ವರ್ಷ ಹಿಂದೆ ಬಣ್ಣ ಹಚ್ಚಿಕೊಂಡು ಅತ್ತ ಒಂದು ಅಳುವಿಗೆ, ಎಂಬತ್ತರ ಹೊಸ್ತಿಲಲ್ಲಿ, ಕೂಸು ಕದ್ದವಳೆಂಬ ಹೆಸರು.

ಮೂರನೆಯ ದಿನ ಹೊಸವರ್ಷದ ಸಮಿತಿಯ ಸಿರಿಪಾಲ ಫೋನು ಮಾಡಿದ. ಮೂವತ್ತು ವರ್ಷ ಅವರ ಕೈಯಲ್ಲಿ ಉಗಿಸಿಕೊಂಡು ನಾಟಕ ಕಲಿತವನು. ಈ ವರ್ಷ ವಿಶ್ರಾಂತಿ ತೆಗೆದುಕೊಳ್ಳಿ ಎಂದ, ಜನ ಏನೇನೋ ಮಾತಾಡುತ್ತಿದ್ದಾರೆ ಎಂದ. "ನೀನು ಏನು ಮಾತಾಡ್ತೀಯ?" ಎಂದು ಅವರು ಕೇಳಿದರು. ಸಿರಿಪಾಲ ಸಭಾಂಗಣದ ಬೀಗದ ಕೈ ವಾಪಸು ಕೇಳಿದ.

ಪದ್ಮಶ್ರೀಗೆ ಮೈ ಉರಿದುಹೋಯಿತು. ಹಾಸ್ಟೆಲಿನಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆ ಕಚೇರಿ ಕಚೇರಿ ಅಲೆದವಳು ಅವಳು. ಅರ್ಜಿ ಬರೆಯುವುದು ಗೊತ್ತಿತ್ತು. ಡಚ್ ನಿಘಂಟು ಪಕ್ಕಕ್ಕಿಟ್ಟುಕೊಂಡು ಟಿವಿಯವರಿಗೆ ಒಂದು ಪತ್ರ ಬರೆದಳು, ಎರಡು ಬರೆದಳು. ಉತ್ತರ ಬಂತು: ನಿಮ್ಮ ಭಾವನೆಗಳು ನಮಗೆ ಅರ್ಥವಾಗುತ್ತವೆ. ನಾವು ಯಾರ ಹೆಸರನ್ನೂ ಹೇಳಿಲ್ಲ. ಮುಖ ಯಾರದಾದರೂ ಆಗಿರಬಹುದು.

"ಯಾರದಾದ್ರೂ ಆಗಿರಬಹುದಂತ!" ಪದ್ಮಶ್ರೀ ಮೇಜು ಗುದ್ದಿದಳು. "ಅವರ ಅವ್ವನ ಮುಖ ಹಿಂಗ ಹಾಕಿದ್ರ ಸುಮ್ನಿರ್ತಿದ್ರೇನು? ಕರ್ರಗಿನ ಮುಖ ಎಲ್ಲಾ ಒಂದ ಅಂತ ತಿಳಕೊಂಡಾರ."

"ಕೂಗ್ಬೇಡ," ಎಂದರು ದಯಾವತಿ. "ಕೂಗಿದ್ರೆ ಡೈಲಾಗು ಕೇಳಲ್ಲ."

ಆ ಸಿಟ್ಟಿನಲ್ಲೇ ಪದ್ಮಶ್ರೀ ಫೋಟೋವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿದಳು. ಐದು ಮಕ್ಕಳಲ್ಲಿ ಹಿರಿಯಳು ಅವಳು. ನಾಲ್ಕು ಕೂಸುಗಳನ್ನು ಬಗಲಲ್ಲಿ ಹೊತ್ತೇ ಶಾಲೆಯ ಪಾಠ ಓದಿದವಳು. ಏನೋ ಸರಿಯಿಲ್ಲ ಎನಿಸಿತು.

"ಅಕ್ಕಾ, ಈ ಕೈ ನೋಡ್ರಿ. ಕೂಸಿನ ಕುತ್ತಿಗಿ ಕೆಳಗ ಕೈನ ಇಲ್ಲ. ಎಳೀ ಕೂಸನ್ನ ಯಾವ ತಾಯಿ ಹಿಂಗ ಹಿಡೀತಾಳ? ಗೋಣು ಮುರೀತದ."

ದಯಾವತಿ ಕನ್ನಡಕ ಏರಿಸಿ ನೋಡಿದರು. ಮುಖಕ್ಕೆ ನಾಚಿಕೆ ಬಂತು, ಐವತ್ತು ವರ್ಷ ಹಳೆಯದು. "ಅದು ಕೂಸಲ್ಲ. ಲುಂಗಿ ಸುತ್ತಿದ್ದು. ನಿಜವಾದ ಕೂಸು ಲೈಟಿಗೆ ಹೆದರಿ ಅತ್ತಿತು, ಅದರ ತಾಯಿ ಎತ್ಕೊಂಡು ಹೋದಳು. ಕೈ ಮುಖಕ್ಕೆ ಅಡ್ಡ ಬರುತ್ತೆ, ಕೆಳಗೆ ಇಳಿಸು ಅಂದ ಡೈರೆಕ್ಟರ್. ನಾನು ಬೇಡ ಅಂದೆ. ನೀನು ಹೆತ್ತಿದ್ದೀಯಾ ಅಂತ ಕೇಳಿದ. ಇಳಿಸಿದೆ."

ಹನ್ನೊಂದು ಕಡತಗಳಲ್ಲಿ ಸುಮಾರು ನಲವತ್ತು ವರ್ಷ ಬಿದ್ದಿದ್ದ ಹನ್ನೊಂದು ಪ್ರತಿಗಳು. ಎಷ್ಟೋ ಅಧಿಕಾರಿಗಳು, ಸಂಶೋಧಕರು, ಟಿವಿಯವರು ನೋಡಿದ್ದಾರೆ. ಒಬ್ಬರಾದರೂ ಕೂಸಿನ ಕಡೆ ನೋಡಿದ್ದರೆ ಅದು ಬಟ್ಟೆಯ ಗಂಟೆಂದು ಗೊತ್ತಾಗುತ್ತಿತ್ತು. ಕೂಸು ಯಾರಿಗೆ ಬೇಕಿತ್ತು? ಬಡವಿಯ ಕಣ್ಣೀರು ಚೆನ್ನಾಗಿ ಬಿದ್ದಿತ್ತು, ಅಷ್ಟೇ ಸಾಕಾಗಿತ್ತು.

ಇದನ್ನೆಲ್ಲ ಮೂರನೆಯ ಪತ್ರದಲ್ಲಿ ಬರೆದ ಮೇಲೆ ಒಂದು ಉತ್ತರ ಬಂತು. ಟಿವಿಯವರಿಂದಲ್ಲ. ಆ ಹನ್ನೊಂದು ಮಂದಿಯಲ್ಲಿ ಒಬ್ಬಳಿಂದ. ಹೆಸರು ಮರೈಕೆ. ಡೆಲ್ಫ್ಟ್‌ನಲ್ಲಿ ಮಕ್ಕಳಿಗೆ ಈಜು ಕಲಿಸುವವಳು, ಮೂವತ್ತೊಂಬತ್ತು ವರ್ಷ. ಪತ್ರವನ್ನು ಟಿವಿಯವರು ಅವಳಿಗೆ ಕಳಿಸಿದ್ದರು. ಬರುವ ಭಾನುವಾರ ಬರಲೇ ಎಂದು ಕೇಳಿದ್ದಳು.

ಬಂದಳು. ಎತ್ತರದ, ಕಪ್ಪನೆಯ, ಲಂಕೆಯ ಯಾವ ಬೀದಿಯಲ್ಲಿ ನಡೆದರೂ ಯಾರೂ ತಿರುಗಿ ನೋಡದಂಥ ಮುಖದ ಹೆಂಗಸು. ಬಾಯಿ ತೆರೆದರೆ ಮಾತ್ರ ಅಪ್ಪಟ ಡಚ್. ಕೋಟು ಬಿಚ್ಚದೆ ಕೂತು, ದಯಾವತಿಯ ಮುಖವನ್ನು ತುಂಬ ಹೊತ್ತು ನೋಡಿದಳು. ಮಾತೆಲ್ಲ ಡಚ್ಚಿನಲ್ಲೇ ನಡೆಯಿತು.

"ಪ್ರತಿ ಹುಟ್ಟುಹಬ್ಬಕ್ಕೂ ನಿಮ್ಮ ಆ ಫೋಟೋದ ಮುಂದೆ ಒಂದು ತುಂಡು ಕೇಕ್ ಇಟ್ಟಿದ್ದೇನೆ," ಎಂದಳು. "ನೀವು ನನ್ನ ತಾಯಿ ಅಲ್ಲ ಅಂತ ಈಗ ಗೊತ್ತು. ಸಿನೆಮಾದ ಫೋಟೋ ಅಂತ ಪತ್ರದಲ್ಲಿತ್ತು, ನಂಬೋಕೆ ಆಗಲಿಲ್ಲ. ಅವತ್ತು ಅವಳ ಬದಲು ನಿಂತವರಲ್ಲವಾ? ಅವಳನ್ನು ನೋಡಿರಬೇಕು. ಹೇಗಿದ್ದಳು? ಅಷ್ಟು ಹೇಳಿ ಸಾಕು. ನಾನು ದೂರು ಕೊಡಲ್ಲ."

ಪದ್ಮಶ್ರೀಗೆ ಆಗ ಅರ್ಥವಾಯಿತು. ದಯಾವತಿಯವರ ಹೆಸರು ತೊಳೆಯಬೇಕಾದರೆ, ಈ ಹೆಂಗಸಿಗೆ ಉಳಿದಿದ್ದ ಕೊನೆಯ ಎಳೆಯನ್ನೂ ಕತ್ತರಿಸಬೇಕು.

ದಯಾವತಿ ಕೈ ಚಾಚಿದರು. ಮರೈಕೆ ಚೀಲದಿಂದ ಮೂಲ ಫೋಟೋ ತೆಗೆದು ಕೊಟ್ಟಳು. ಹಿಂಬದಿಗೆ ಕಂದು ಕಾಗದ ಅಂಟಿಸಿ ತಾಯಿಯ ಹೆಸರೆಂದು ಏನೋ ಟೈಪು ಮಾಡಿದ್ದರು. ದಯಾವತಿ ಒಲೆಯ ಮೇಲೆ ನೀರಿಟ್ಟು, ಅದರ ಆವಿಗೆ ಫೋಟೋ ಹಿಡಿದರು. ಅಂಟು ಮೆತ್ತಗಾಯಿತು. ಕಾಗದ ಸುಲಿದಾಗ ಕೆಳಗೆ ನೇರಳೆ ಮುದ್ರೆ ಕಂಡಿತು, ಸಿಂಹಳ ಅಕ್ಷರಗಳಲ್ಲಿ ಚಿತ್ರದ ಹೆಸರು, ಸ್ಟುಡಿಯೋ, ಇಸವಿ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿ ಹೇಳಿದರು.

"ಸಾವಿರದ ಒಂಬೈನೂರ ಎಪ್ಪತ್ತೊಂದು. ನೀನು ಹುಟ್ಟಿದ್ದು?"

"ಎಂಬತ್ತನಾಲ್ಕು."

"ನಾನು ನಿನ್ನ ತಾಯಿಯನ್ನು ನೋಡಿಲ್ಲ ಮಗಳೇ. ನಾನು ಅಲ್ಲಿರಲೇ ಇಲ್ಲ. ಇದು ಸಿನೆಮಾ."

ಮರೈಕೆ ಅಳಲಿಲ್ಲ. ಕುರ್ಚಿಯಿಂದ ಎದ್ದಳು. "ಹಾಗಾದರೆ ನಿಮಗೆ ನಿಮ್ಮ ಒಳ್ಳೆಯ ಹೆಸರು ಸಿಕ್ಕಿತು. ನನಗೆ? ಇದುವರೆಗೆ ಒಬ್ಬ ಮೋಸಗಾರ್ತಿಯಾದರೂ ಇದ್ದಳು. ಈಗ ಲುಂಗಿಯ ಗಂಟು."

ಪದ್ಮಶ್ರೀ ಸಮಾಧಾನದ ಮಾತಿಗೆ ತಡಕಾಡಿದಳು. ದಯಾವತಿ ಅವಳನ್ನು ಕೈಸನ್ನೆಯಿಂದ ತಡೆದು ಕನ್ನಡದಲ್ಲಿ ಹೇಳಿದರು: "ಬಿಡು. ಅವಳ ಸಿಟ್ಟು ಸರಿ ಇದೆ. ಸಮಾಧಾನ ಮಾಡಿ ಅದನ್ನೂ ಕಿತ್ಕೋಬೇಡ." ಮರೈಕೆಯ ಕಡೆ ತಿರುಗಿ ಡಚ್ಚಿನಲ್ಲಿ, "ಕಡತದಲ್ಲಿ ಇನ್ನೇನಿದೆ? ಎಲ್ಲ ಇಲ್ಲಿ ಹರಡು," ಎಂದರು. ಸಿಂಹಳದಲ್ಲಿ ಕೈಬರಹದ ಮೂರು ಹಾಳೆಗಳಿದ್ದವು. ಅನುವಾದವೆಂದು ಲಗತ್ತಿಸಿದ್ದ ಇಂಗ್ಲಿಷಿನಲ್ಲಿ, ತಾಯಿ ಸ್ವಂತ ಇಚ್ಛೆಯಿಂದ ಕೂಸನ್ನು ಕೊಟ್ಟಿದ್ದಾಳೆಂದು ನಾಲ್ಕು ಸಾಲು. ಮೂಲದಲ್ಲಿ ಹೆರಿಗೆ ಆಸ್ಪತ್ರೆಯ ಊರಿನ ಹೆಸರಿತ್ತು, ದಾದಿಯ ಸಹಿ ಇತ್ತು, ಮತ್ತು ಒಂದು ಸಾಲು: ತಾಯಿ ಎರಡು ಸಲ ಬಂದು ಕೂಸನ್ನು ಕೇಳಿದಳು, ತೀರಿಹೋಗಿದೆಯೆಂದು ತಿಳಿಸಲಾಯಿತು.

ದಯಾವತಿ ಆ ಸಾಲನ್ನು ಎರಡು ಸಲ ಓದಿ, ಡಚ್ಚಿನಲ್ಲಿ ಅರ್ಥ ಹೇಳಿದರು. ಮೂರನೆಯ ಸಲ ಓದಲು ಅವರಿಂದಾಗಲಿಲ್ಲ. ಮೂವತ್ತೊಂಬತ್ತು ವರ್ಷ ಆ ಹಾಳೆ ಈ ದೇಶದಲ್ಲೇ ಇತ್ತು. ಓದಬಲ್ಲವರು ಎರಡು ತಾಸಿನ ರೈಲಿನ ದೂರದಲ್ಲಿ ಆಸ್ಪತ್ರೆಯ ಹೊದಿಕೆ ಮಡಿಸುತ್ತಿದ್ದರು. ಯಾರೂ ಕೇಳಲಿಲ್ಲ. ಮರೈಕೆ ಆಗ ಕೋಟು ಬಿಚ್ಚಿದಳು.

ನೇರಳೆ ಮುದ್ರೆಯ ಚಿತ್ರ ಕಳಿಸಿದ ಮೇಲೆ ಟಿವಿಯವರು ತಾವೇ ಬಂದರು. ಕ್ಯಾಮೆರಾ, ದೀಪ, ಮೈಕು, ಹೂವಿನ ಗೊಂಚಲು. ಸಂಪಾದಕ ಒಳ್ಳೆಯ ಮಾತಿನ ಮನುಷ್ಯ. ತಪ್ಪಾಯಿತೆಂದು ಮೂರು ಸಲ ಹೇಳಿದ. ಆಮೇಲೆ ಸೋಫಾದ ಹಿಂದಿನಿಂದ ಒಂದು ಗೊಂಬೆ ತೆಗೆದ.

"ಮೇಡಂ, ನೀವು ದೊಡ್ಡ ನಟಿ. ಆ ಹೆಂಗಸರು ಹೇಗೆ ನಟಿಸುತ್ತಿದ್ದರು ಅಂತ ನಮ್ಮ ವೀಕ್ಷಕರಿಗೆ ಒಮ್ಮೆ ಮಾಡಿ ತೋರಿಸಬಹುದಾ? ಇದನ್ನು ಹೀಗೆ ಎತ್ತಿಕೊಂಡು..."

ಹದಿನೇಳು ವರ್ಷ ಯಂತ್ರದ ಸದ್ದಿನ ಮೇಲೆ ಏರಿಸಿ ಪಳಗಿಸಿದ್ದ ಗಂಟಲನ್ನು ದಯಾವತಿ ಆವತ್ತು ಏರಿಸಲಿಲ್ಲ. ತಗ್ಗಿಸಿದರು. ಮೈಕಿನವನು ಒಂದು ಹೆಜ್ಜೆ ಹತ್ತಿರ ಬರಬೇಕಾಯಿತು.

"ಆ ಪದ ಮೊದಲು ತೆಗೀರಿ. ನಟನೆ ನನ್ನ ಕಸುಬು. ಹದಿನಾಲ್ಕನೆಯ ವಯಸ್ಸಿಂದ ಮಾಡಿದ್ದೇನೆ. ನಾನು ರಾಣಿ ಅಲ್ಲ ಅಂತ ನನಗೂ ಗೊತ್ತಿರುತ್ತೆ, ನೋಡೋಕೆ ಬಂದವನಿಗೂ ಗೊತ್ತಿರುತ್ತೆ. ಇಬ್ಬರಿಗೂ ಗೊತ್ತಿದ್ದರೆ ನಾಟಕ. ಒಬ್ಬರಿಗೇ ಗೊತ್ತಿದ್ದರೆ ಮೋಸ. ಅಲ್ಲಿ ನಿಂತ ಹೆಂಗಸಿಗೆ ಏನು ಗೊತ್ತಿತ್ತು? ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು ಅಂತಲೂ ಗೊತ್ತಿರಲಿಲ್ಲ. ಅವಳನ್ನು ಕರೆದುಕೊಂಡು ಬಂದವನು, ನಿಲ್ಲಿಸಿದವನು, ಕಾಗದ ಬರೆದವನು, ನೋಡಿಯೂ ಸಹಿ ಹಾಕಿದವನು, ಅವರಿಗೆ ನೀವು ಇಟ್ಟ ಹೆಸರೇನು? ಮಧ್ಯವರ್ತಿ. ಅಧಿಕಾರಿ. ಹೆಂಗಸಿಗೆ ಮಾತ್ರ ನಟಿ."

"ಇದು ಎಲ್ಲರೂ ಬಳಸುವ ಪದ ಮೇಡಂ..."

"ಎಲ್ಲರೂ ನನ್ನ ಫೋಟೋನೂ ಬಳಸಿದರು. ಗೊಂಬೆ ತಗೊಂಡು ಹೋಗಿ. ಹೂವೂ."

ಪ್ರಸಾರವಾದದ್ದು ನಲವತ್ತು ಸೆಕೆಂಡು. ಫೋಟೋ ತಪ್ಪಾಗಿ ಬಳಕೆಯಾಯಿತು, ವಿಷಾದಿಸುತ್ತೇವೆ ಎಂದರು. ಪದದ ಬಗ್ಗೆ ದಯಾವತಿ ಆಡಿದ ಮಾತಿನಲ್ಲಿ ಒಂದಕ್ಷರವೂ ಇರಲಿಲ್ಲ. ಅದೇ ಪ್ರಸಾರದ ಕೊನೆಗೆ ಆಕ್ಟಿಂಗ್ ಮದರ್ ಎಂದು ಮತ್ತೆ ಎರಡು ಸಲ ಬಂತು, ಪದ್ಮಶ್ರೀ ಎಣಿಸಿದಳು. ನಾಲ್ಕನೆಯ ಪತ್ರ ಬರೆದಳು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಸಿರಿಪಾಲ ಬೀಗದ ಕೈ ಹಿಡಿದುಕೊಂಡು ತಾನೇ ಬಂದ. "ಅಕ್ಕಾ, ಮುಂದಿನ ಏಪ್ರಿಲ್‌ಗೆ ನೀವಿಲ್ಲದೆ ಆಗಲ್ಲ," ಎಂದ. ದಯಾವತಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: "ಟಿವಿ ಹೇಳಿದಾಗ ನಂಬಿದೆ. ಟಿವಿ ಇಲ್ಲ ಅಂದಾಗ ಮತ್ತೆ ನಂಬಿದೆ. ಮೂವತ್ತು ವರ್ಷ ನಾನು ಹೇಳಿದ್ದು?" ಸಿರಿಪಾಲ ಬೀಗದ ಕೈ ಮುಂದೆ ಚಾಚಿದ. ದಯಾವತಿ ಅದನ್ನು ತೆಗೆದುಕೊಂಡರು, ಆದರೆ ನಾಟಕಕ್ಕೆ ಅಂತ ಅಲ್ಲ ಎಂದು ಹೇಳಿಯೇ ತೆಗೆದುಕೊಂಡರು.

ದಯಾವತಿ ರಣವಕ ಅವರಿಗೆ ಈಗ ಎಂಬತ್ತೊಂದು. ಪ್ರತಿ ಗುರುವಾರ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಆ ಸಭಾಂಗಣದ ಪಕ್ಕದ ಕೋಣೆಯಲ್ಲಿ, ಲಂಕೆಯಿಂದ ದತ್ತಕ್ಕೆ ಬಂದವರು ತರುವ ಕಡತಗಳ ಸಿಂಹಳ ಕಾಗದಗಳನ್ನು ಗಟ್ಟಿಯಾಗಿ ಓದಿ ಅರ್ಥ ಹೇಳುತ್ತಾರೆ. ಮರೈಕೆ ಅದನ್ನು ಡಚ್ಚಿನಲ್ಲಿ ಬರೆದುಕೊಳ್ಳುತ್ತಾಳೆ.